ಬಡಾವಣೆಯ ಮಕ್ಕಳು ಸೇರಿ ಕಳೆದುಹೋದ ಬೆಕ್ಕು, ನಾಯಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಮಕ್ಕಳ ಗುಂಪಿನ ಜೊತೆ ನಿಲ್ಲುವ ದೊಡ್ಡವರಿಗೆ ಮತ್ತು ಗುಂಪನ್ನು ನಡೆಸುವ ದೊಡ್ಡ ಮಕ್ಕಳಿಗೆ. ಲೆಕ್ಕಗಳನ್ನು 30×40 ಸೈಟುಗಳ ಮಾಮೂಲಿ ಬಡಾವಣೆಗೆ ಹಾಕಿದೆ.

ಬೆಕ್ಕು ಬೆಳಿಗ್ಗೆಯಿಂದ ಕಾಣಿಸುತ್ತಿಲ್ಲ. ಮಕ್ಕಳೆಲ್ಲ ಅದರ ಹೆಸರು ಕೂಗುತ್ತ ರಸ್ತೆ ಸುತ್ತುತ್ತಿದ್ದಾರೆ. ಪರವಾಗಿಲ್ಲವೇ?

ಮೊದಲು ಅದನ್ನು ನಿಲ್ಲಿಸಿ. ಮನೆಯೊಳಗೇ ಬೆಳೆದ ಬೆಕ್ಕು ಹೊರಗೆ ಬಿದ್ದರೆ ಮೊದಲು ಸಿಕ್ಕ ಸಂದಿಗೆ ನುಗ್ಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಹಸಿದಿದ್ದರೂ, ಸಾಕಿದವರೇ ಪಕ್ಕದಲ್ಲಿ ನಿಂತು ಕರೆದರೂ ಮಿಯಾಂ ಅನ್ನುವುದಿಲ್ಲ. ಸದ್ದು ಮಾಡಿದರೆ ನಾಯಿಗೆ ಸಿಕ್ಕಿಬಿಡುತ್ತೇನೆ ಎಂಬುದು ಅದರ ಲೆಕ್ಕ. ಹತ್ತು ಮಕ್ಕಳು ಕೂಗಿಕೊಂಡು ಓಡಾಡಿದರೆ ಇನ್ನೂ ಒಳಕ್ಕೆ ಸರಿಯುತ್ತದೆ, ಇಲ್ಲವೇ ಅಡಗಿದ ಜಾಗ ಬಿಟ್ಟು ನಾಲ್ಕು ಕಾಂಪೌಂಡ್ ಆಚೆ ಹಾರುತ್ತದೆ. ಆಮೇಲೆ ಹುಡುಕುವುದು ದುಪ್ಪಟ್ಟು ಕಷ್ಟ.

ಮಕ್ಕಳಿಗೆ ದೊಡ್ಡವರಿಗಿಲ್ಲದ ಎರಡು ಅನುಕೂಲಗಳಿವೆ. ಯಾವ ಗೇಟಿನ ಕೆಳಗೆ ಸಂದಿಯಿದೆ, ಕ್ರಿಕೆಟ್ ಚೆಂಡು ಬಿದ್ದರೆ ಯಾವ ಮನೆಯವರು ಬಾಗಿಲು ತೆಗೆಯುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಜೊತೆಗೆ ಅವರ ಕಣ್ಣು ನೆಲಕ್ಕೆ ಹತ್ತಿರ. ಹುಡುಕಾಟದಲ್ಲಿ ಬಳಸಿಕೊಳ್ಳಬೇಕಾದ್ದು ಇವನ್ನೇ, ಅವರ ಗಂಟಲನ್ನಲ್ಲ.

ಎಲ್ಲಿಂದ ಶುರು ಮಾಡಬೇಕು?

ಮನೆಯೊಳಗಿಂದಲೇ. ಮೊದಲ ಅರ್ಧ ಗಂಟೆ ಇದಕ್ಕೇ ಇರಲಿ. ವಾಷಿಂಗ್ ಮಷಿನ್ ಹಿಂದೆ ಮತ್ತು ಒಳಗೆ, ಫ್ರಿಜ್ಜಿನ ಹಿಂಭಾಗ, ದಿವಾನ್ ಮಂಚದ ಪೆಟ್ಟಿಗೆ, ಅಟ್ಟದ ಮೇಲಿನ ಹಾಸಿಗೆ ಸುರುಳಿ, ಬೀರುವಿನ ಮೇಲುಗಡೆ, ಸೋಫಾದ ಅಡಿಬಟ್ಟೆ ಹರಿದಿದ್ದರೆ ಅದರೊಳಗೆ. ಬೀರುವಿನ ಬಾಗಿಲು ಬೆಳಿಗ್ಗೆ ಯಾರು ತೆಗೆದು ಮುಚ್ಚಿದರು ಎಂದು ಮನೆಯವರನ್ನೆಲ್ಲ ಕೇಳಿ. ಆಮೇಲೆ ತಾರಸಿ, ನೀರಿನ ಟ್ಯಾಂಕಿನ ಅಡಿ, ಸಜ್ಜ. ಒಬ್ಬರು ನೋಡಿದ ಕೋಣೆಯನ್ನು ಇನ್ನೊಬ್ಬರು ಮತ್ತೆ ನೋಡಲಿ.

ಎಷ್ಟು ದೂರದವರೆಗೆ ಹುಡುಕಬೇಕು?

ಅಂದುಕೊಳ್ಳುವುದಕ್ಕಿಂತ ಹತ್ತಿರ. ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಹೊರಗೆ ಓಡಾಡಿ ರೂಢಿಯಿರುವ ಬೆಕ್ಕು ಹೆಚ್ಚು ದೂರ ಹೋಗಿರುತ್ತದೆ. ಮನೆಯೊಳಗಿನದು ಬಹಳ ಸಲ ಅಕ್ಕಪಕ್ಕದ ಮೂರು ನಾಲ್ಕು ಕಾಂಪೌಂಡ್ ದಾಟಿರುವುದಿಲ್ಲ.

30×40 ಸೈಟುಗಳ ಬಡಾವಣೆಯಲ್ಲಿ ಸುತ್ತಲೂ 50 ಮೀಟರ್ ಎಂದರೆ ಹೆಚ್ಚುಕಡಿಮೆ 40 ಮನೆ. 100 ಮೀಟರ್ ಎಂದರೆ 150ರಿಂದ 180. ಮೊದಲ ದಿನ ಆ 40 ಮನೆಗಳನ್ನು ಮಾತ್ರ ಹಿಡಿಯಿರಿ. ಮನೆಗೆ ಐದು ನಿಮಿಷದಂತೆ ಮೂರು ತಂಡಗಳಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. 40 ಮನೆ ಸರಿಯಾಗಿ ನೋಡುವುದು 400 ಮನೆಯ ಮುಂದೆ ಸೈಕಲ್ಲಿನಲ್ಲಿ ಹಾದುಹೋಗುವುದಕ್ಕಿಂತ ಎಷ್ಟೋ ಮೇಲು.

ಒಂದು ಡ್ರಾಯಿಂಗ್ ಹಾಳೆಯ ಮೇಲೆ ಅಡ್ಡರಸ್ತೆಗಳನ್ನು ಗೆರೆ ಎಳೆದು ಮನೆಗೊಂದು ಚೌಕ ಬರೆಯಿರಿ. ಗುರುತು ಮೂರು ಬಗೆ: ನಾವೇ ನೋಡಿದ್ದು, ಮನೆಯವರು ನೋಡುತ್ತೇವೆಂದು ಹೇಳಿದ್ದು, ಬೀಗ ಹಾಕಿದ್ದು. ಕೊನೆಯ ಎರಡರ ಮೇಲೆ ಕಣ್ಣಿಡಿ. ಊರಿಗೆ ಹೊರಟವರು ಶೆಡ್ಡಿಗೋ ಮೆಟ್ಟಿಲ ಕೆಳಗಿನ ಗೂಡಿಗೋ ಬೀಗ ಹಾಕುವಾಗ ಬೆಕ್ಕು ಒಳಗೇ ಉಳಿದಿರುವುದು ತೀರಾ ಸಾಮಾನ್ಯ. ಬೀಗ ಹಾಕಿದ ಮನೆಯವರ ಫೋನ್ ನಂಬರ್ ಅಕ್ಕಪಕ್ಕದವರ ಹತ್ತಿರ ಇರುತ್ತದೆ; ಅವತ್ತೇ ಫೋನ್ ಮಾಡಿಸಿ.

ಎಷ್ಟು ಮಕ್ಕಳು, ಯಾವ ವಯಸ್ಸಿನವರು, ಕೈಯಲ್ಲಿ ಏನಿರಬೇಕು?

ಮೂವರಿಗೊಂದು ತಂಡ, ಅದರಲ್ಲಿ ಒಬ್ಬರಾದರೂ 12 ದಾಟಿದವರು. ಮೂರು ತಂಡಕ್ಕಿಂತ ಹೆಚ್ಚು ಬೇಡ. ಮಿಕ್ಕ ಮಕ್ಕಳು ನಕಾಶೆ, ಪೋಸ್ಟರ್ ಕೆಲಸಕ್ಕೆ ಕೂರಲಿ. ಆರೇಳು ವರ್ಷದವರನ್ನು ಬಿಟ್ಟರೆ ಅಳುತ್ತಾರೆ, ಕರೆದುಕೊಂಡು ಹೋದರೆ ಓಡುತ್ತಾರೆ. ಅವರಿಗೆ ಮನೆಯ ಗೇಟಿನಲ್ಲಿ ಕಾವಲು ಕೂರುವ ಕೆಲಸ ಕೊಡಿ. ಅದು ಬರೀ ಸಮಾಧಾನಕ್ಕಲ್ಲ, ಬೆಕ್ಕು ತಾನಾಗಿ ಮರಳಿದರೆ ನೋಡಲು ಒಬ್ಬರು ಬೇಕೇ ಬೇಕು.

ಪ್ರತಿ ತಂಡಕ್ಕೆ ಒಂದು ಟಾರ್ಚ್, ಒಂದು ಸೀಟಿ, ಪೆನ್ಸಿಲ್, ಬೆಕ್ಕಿನ ಫೋಟೊ, ಸಣ್ಣ ಪೊಟ್ಟಣದಲ್ಲಿ ಅದು ದಿನಾ ತಿನ್ನುವ ಆಹಾರ. ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ. ರಸ್ತೆಯ ತುದಿಯಲ್ಲಿ ದೊಡ್ಡವರೊಬ್ಬರು ಫೋನ್ ಹಿಡಿದು ನಿಂತಿರಬೇಕು. ಬೆಳಿಗ್ಗೆ ಆರೂವರೆಯಿಂದ ಎಂಟು, ಸಂಜೆ ನಾಲ್ಕರಿಂದ ಆರು: ಮಕ್ಕಳ ಪಾಳಿ ಇಷ್ಟೇ. ರಾತ್ರಿಯ ಹುಡುಕಾಟ ದೊಡ್ಡವರದು.

ಗೇಟಿನಲ್ಲಿ ಏನೆಂದು ಕೇಳಬೇಕು?

"ನಮ್ಮ ಬೆಕ್ಕು ನೋಡಿದ್ರಾ?" ಎಂದರೆ "ಇಲ್ಲಮ್ಮ" ಎಂಬ ಉತ್ತರ ಬಂದು ಬಾಗಿಲು ಹಾಕಿಕೊಳ್ಳುತ್ತದೆ. ಅವರು ನೋಡಿರುವುದೇ ಇಲ್ಲ. ಅಡಗಿರುವ ಬೆಕ್ಕು ಯಾರಿಗೂ ಕಾಣುವುದಿಲ್ಲ. ಹೀಗೆ ಕೇಳಿ: "ಆಂಟಿ, ನಮ್ಮ ಬೆಕ್ಕು ನಿನ್ನೆ ಸಂಜೆಯಿಂದ ಕಾಣಿಸ್ತಿಲ್ಲ. ಹೆದರಿ ಎಲ್ಲೋ ಕೂತಿರಬಹುದು. ನಿಮ್ಮ ಶೆಡ್ ಒಂದ್ಸಲ ತೆಗೀತೀರಾ? ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡ್ಲಾ?" ಅಜ್ಜ ಅಜ್ಜಿ ಇರುವ ಮನೆಯಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿ, ಇಡೀ ದಿನ ಜಗುಲಿಯಲ್ಲೋ ಕಿಟಕಿಯಲ್ಲೋ ಕೂತವರು ಅವರೇ. ಬೇಡ ಎಂದವರ ಜೊತೆ ವಾದ ಬೇಡ, ಫೋನ್ ನಂಬರ್ ಬರೆದ ಚೀಟಿ ಕೊಟ್ಟು ಮುಂದೆ ಹೋಗಿ.

ಮನೆಯವರಷ್ಟೇ ಮುಖ್ಯವಾದವರು ಬೀದಿಯವರು. ಹಾಲು, ಪೇಪರ್ ಹಾಕುವವರು, ಪೌರಕಾರ್ಮಿಕರು, ಕಸದ ಆಟೊದವರು, ಇಸ್ತ್ರಿ ಗಾಡಿಯವರು, ಕಟ್ಟುತ್ತಿರುವ ಮನೆಯ ವಾಚ್‌ಮನ್ ಕುಟುಂಬ. ಇವರಲ್ಲಿ ಹಲವರು ಬೆಳಗಿನ ಜಾವ ಐದಕ್ಕೇ ರಸ್ತೆಯಲ್ಲಿರುತ್ತಾರೆ. ಬೆಕ್ಕು ಓಡಾಡುವುದೂ ಅದೇ ಹೊತ್ತಿಗೆ.

ಎಲ್ಲೆಲ್ಲಿ ನೋಡಬೇಕು?

ಬಗ್ಗಿ ನೋಡಬೇಕು, ಮಂಡಿಯೂರಿ ನೋಡಬೇಕು. ಸುಮ್ಮನೆ ಕಣ್ಣಾಡಿಸಿದರೆ ಸಾಲದು.

ನಿಂತ ಕಾರಿನ ಚಕ್ರದ ಮೇಲ್ಭಾಗ ಮತ್ತು ಬಾನೆಟ್ ಒಳಗೆ: ಚಳಿಗಾಲದಲ್ಲಿ, ಮಳೆಯಲ್ಲಿ ಬಿಸಿ ಎಂಜಿನ್ ಹುಡುಕಿಕೊಂಡು ಮರಿಗಳು ಏರುತ್ತವೆ. ಗಾಡಿ ತೆಗೆಯುವ ಮುನ್ನ ಬಾನೆಟ್ ಮೇಲೆ ಎರಡು ಸಲ ತಟ್ಟಲು ಅಕ್ಕಪಕ್ಕದವರಿಗೆಲ್ಲ ಹೇಳಿ. ಹೊದಿಕೆ ಹಾಕಿ ನಿಲ್ಲಿಸಿದ ಹಳೆಯ ಕಾರು ಇನ್ನೂ ಒಳ್ಳೆಯ ಅಡಗುತಾಣ. ಮನೆಗೂ ಕಾಂಪೌಂಡಿಗೂ ನಡುವಿನ ಎರಡು ಮೂರು ಅಡಿ ಸಂದಿ, ಅಲ್ಲಿ ಒರಗಿಸಿಟ್ಟ ಶೀಟು, ಹಲಗೆ, ಹಳೆಯ ಬಾಗಿಲು. ಹೂಕುಂಡಗಳ ಹಿಂದೆ. ಕಟ್ಟುತ್ತಿರುವ ಮನೆಯಲ್ಲಿ ಸೆಂಟ್ರಿಂಗ್ ಹಲಗೆಗಳ ರಾಶಿ, ಸಿಮೆಂಟ್ ಚೀಲದ ಗೋದಾಮು, ಮೆಟ್ಟಿಲಿನ ಅಡಿ. ಕಟ್ಟಡದೊಳಕ್ಕೆ ವಾಚ್‌ಮನ್ ಜೊತೆಗೆ ಮಾತ್ರ, ಮೊದಲ ಮಹಡಿಗಿಂತ ಮೇಲೆ ಮಕ್ಕಳು ಹೋಗುವಂತಿಲ್ಲ; ಅಲ್ಲಿ ಗೋಡೆ ಇರುವುದಿಲ್ಲ, ಲಿಫ್ಟಿನ ಗುಂಡಿ ತೆರೆದೇ ಇರುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಹುಡುಕಾಟ ಮೇಲೆ ಕೆಳಗೆ ಸಾಗುತ್ತದೆ. ಮೆಟ್ಟಿಲ ದಾರಿಯ ಪ್ರತಿ ಮಹಡಿ, ಪೈಪ್‌ಗಳು ಹಾದುಹೋಗುವ ಡಕ್ಟ್, ನೆಲಮಾಳಿಗೆಯ ಪಾರ್ಕಿಂಗ್, ಜನರೇಟರ್ ಕೋಣೆಯ ಹಿಂಭಾಗ. ಬಾಲ್ಕನಿಯಿಂದ ಬಿದ್ದ ಅನುಮಾನವಿದ್ದರೆ ನೇರ ಕೆಳಗೆ ಬಿದ್ದ ಜಾಗದಿಂದ ಗೋಡೆಯ ಗುಂಟ ಎರಡೂ ಕಡೆ ನೋಡಿ. ಗಾಯಗೊಂಡ ಬೆಕ್ಕು ಬಯಲು ದಾಟುವುದಿಲ್ಲ.

ಯಾವುದನ್ನು ಮುಟ್ಟಲೇಬಾರದು?

ಸಂಪಿನ ಮುಚ್ಚಳ. ಇದನ್ನು ಹೊರಡುವ ಮೊದಲು ಮಕ್ಕಳ ಬಾಯಲ್ಲೇ ಹೇಳಿಸಿ. ಬಗ್ಗಿ ನೋಡಲು ಹೋಗಿ ಮಗು ಒಳಗೆ ಬಿದ್ದರೆ ಹತ್ತಲು ಹಿಡಿಕೆ ಇರುವುದಿಲ್ಲ. ತೆರೆದ ಸಂಪು ಕಂಡರೆ ಸೀಟಿ ಊದಿ, ದೂರ ನಿಂತು, ದೊಡ್ಡವರನ್ನು ಕರೆಯಬೇಕು. ಬಾವಿ, ಮ್ಯಾನ್‌ಹೋಲ್, ರಾಜಕಾಲುವೆ ಕೂಡ ಹೀಗೇ. ಹಳೆಯ ಬಾವಿ ಮತ್ತು ಮ್ಯಾನ್‌ಹೋಲಿನಲ್ಲಿ ವಿಷಗಾಳಿ ತುಂಬಿರಬಹುದು, ದೊಡ್ಡವರೂ ಇಳಿಯಬಾರದು. 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳ ಕೇಳಿ. ಬಾವಿಗೆ ಬಿದ್ದ ಪ್ರಾಣಿಗಳನ್ನು ಎತ್ತುವುದು ಅವರಿಗೆ ಹೊಸದಲ್ಲ.

ಟ್ರಾನ್ಸ್‌ಫಾರ್ಮರ್ ಬೇಲಿಯೊಳಗೆ ಚೆಂಡು ಬಿದ್ದರೂ ಹೋಗಬಾರದು, ಬೆಕ್ಕು ಕೂತಿದ್ದರೂ ಹೋಗಬಾರದು. ಖಾಲಿ ಸೈಟಿನ ಪಾರ್ಥೇನಿಯಂ ಪೊದೆಗೆ, ಇಟ್ಟಿಗೆ ರಾಶಿಗೆ, ಬಿಲಕ್ಕೆ ಕೈ ಹಾಕಬಾರದು. ಹಾವು ಇರುವುದು ಅಲ್ಲೇ. ಉದ್ದ ಕೋಲಿನಿಂದ ಅಂಚು ಸರಿಸಿ ಟಾರ್ಚ್ ಬಿಟ್ಟು ನೋಡಿ. ಬೀದಿನಾಯಿಗಳು ಸುತ್ತುವರಿದರೆ ಓಡದೆ, ಕೈ ಕೆಳಗಿಟ್ಟು, ಅವುಗಳ ಕಣ್ಣು ದಿಟ್ಟಿಸದೆ ನಿಲ್ಲಬೇಕು; ಅವು ಆಸಕ್ತಿ ಕಳೆದುಕೊಂಡ ಮೇಲೆ ನಿಧಾನವಾಗಿ ಹಿಂದೆ ಸರಿಯಬೇಕು.

ಹಗಲಲ್ಲೂ ಟಾರ್ಚ್ ಯಾಕೆ?

ಬೆಕ್ಕು, ನಾಯಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಒಂದು ಪದರ ಇದೆ. ಕತ್ತಲ ಸಂದಿಯಲ್ಲಿ ಮೈ ಕಾಣದಿದ್ದರೂ ಆ ಹೊಳಪು ಹಸಿರೋ ಹಳದಿಯೋ ಆಗಿ ಮಿಂಚುತ್ತದೆ. ಅದು ಬೆಳಕು ಬಂದ ದಿಕ್ಕಿಗೇ ಮರಳುವುದರಿಂದ ಟಾರ್ಚನ್ನು ಕಣ್ಣಿನ ಪಕ್ಕ, ಕಿವಿಯ ಮಟ್ಟಕ್ಕೆ ಹಿಡಿಯಬೇಕು. ಸೊಂಟದ ಹತ್ತಿರ ಹಿಡಿದು ಬೆಳಕು ಬಿಟ್ಟವರು ಎದುರಿಗಿದ್ದ ಬೆಕ್ಕನ್ನೂ ಬಿಟ್ಟು ಹೋಗುತ್ತಾರೆ. ನಿಧಾನವಾಗಿ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ.

ಕಳೆದಿರುವುದು ನಾಯಿ. ಇದೇ ವಿಧಾನ ಸಾಕೇ?

ಸಾಲದು. ಬೆಕ್ಕು ಅಡಗುತ್ತದೆ, ನಾಯಿ ನಡೆಯುತ್ತದೆ. ಯಾಕೆ ಹೋಯಿತು ಎಂಬುದರ ಮೇಲೆ ಹುಡುಕಾಟ ನಿಂತಿದೆ. ಗೇಟು ತೆರೆದಿತ್ತೆಂದು ಖುಷಿಯಾಗಿ ಹೊರಟ, ಎಲ್ಲರ ಹತ್ತಿರ ಹೋಗುವ ನಾಯಿಯನ್ನು ಯಾರಾದರೂ ಮನೆಗೆ ಕರೆದುಕೊಂಡಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಪೋಸ್ಟರ್, ವಾಟ್ಸಾಪ್, ಹತ್ತಿರದ ಪಶುವೈದ್ಯರು. ದೀಪಾವಳಿಯ ಪಟಾಕಿಗೆ ಬೆದರಿ ಓಡಿದ್ದು ಕಿಲೋಮೀಟರ್‌ಗಟ್ಟಲೆ ನೇರ ಓಡಿ, ನಿಂತ ಲಾರಿಯ ಕೆಳಗೋ ಅಂಗಡಿ ಶಟರ್ ಸಂದಿಗೋ ಸೇರಿರುತ್ತದೆ. ಸದ್ದು ಅಡಗಿದ ಮೇಲೆ ಬೆಳಗಿನ ಜಾವ ಹುಡುಕಿ. ಸಂತಾನಹರಣ ಆಗದ ಗಂಡುನಾಯಿಯಾದರೆ ಬೆದೆಗೆ ಬಂದ ಹೆಣ್ಣುನಾಯಿ ಎಲ್ಲಿದೆ ಎಂದು ವಿಚಾರಿಸಿ.

ಒಂದು ಸುಳಿವು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ ನಾಯಿ ಬಂದರೆ ಪ್ರತಿ ರಸ್ತೆಯ ಬೀದಿನಾಯಿಗಳು ತಮ್ಮ ಗಡಿ ದಾಟುವವರೆಗೆ ಬೊಗಳುತ್ತವೆ. ರಾತ್ರಿ ಎಷ್ಟು ಹೊತ್ತಿಗೆ, ಯಾವ ಕಡೆ ಜೋರು ಬೊಗಳಿದವು ಎಂದು ವಾಚ್‌ಮನ್‌ಗಳನ್ನು ಕೇಳಿದರೆ ನಾಯಿ ಹೋದ ದಾರಿ ನಕಾಶೆಯ ಮೇಲೆ ಮೂಡುತ್ತದೆ. ಆದರೆ ನಾಯಿ ಹುಡುಕುತ್ತ ಮಕ್ಕಳು ಮುಖ್ಯರಸ್ತೆ ದಾಟಬಾರದು. ಅಲ್ಲಿಂದಾಚೆ ದೊಡ್ಡವರು ಸ್ಕೂಟರಿನಲ್ಲಿ ಹೋಗಲಿ.

ಕಂಡಿತು! ಈಗ?

ಓಡಬೇಡಿ. ಹುಡುಕಾಟ ಕೆಡುವುದು ಹೆಚ್ಚಾಗಿ ಇಲ್ಲೇ. ಒಬ್ಬರು ಅಲ್ಲೇ ನಿಂತು ಕಣ್ಣಿಟ್ಟಿರಲಿ, ಒಬ್ಬರು ಸದ್ದಿಲ್ಲದೆ ಹಿಂದೆ ಸರಿದು ಸಾಕಿದವರನ್ನು ಕರೆತರಲಿ, ಮೂರನೆಯವರು ಬೇರೆ ಮಕ್ಕಳು ಬಾರದಂತೆ ತಡೆಯಲಿ. ತಂಡಕ್ಕೆ ಮೂವರು ಎಂದದ್ದು ಇದಕ್ಕೇ. ಕಂಡೊಡನೆ ಸೀಟಿ ಊದಬಾರದು; ಸೀಟಿ ಅಪಾಯಕ್ಕೆ ಮಾತ್ರ.

ಸಾಕಿದವರು ಬಂದು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರಬೇಕು. ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಆಹಾರದ ಪೊಟ್ಟಣ ಸರಪರ ಅನ್ನಿಸಿ, ನಾಲ್ಕು ಕಾಳು ತಮ್ಮ ಹತ್ತಿರವೇ ಉದುರಿಸಿ ಕಾಯಬೇಕು. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಬೆಕ್ಕು ಹತ್ತಿರ ಬಂದರೆ ದಪ್ಪ ಟವೆಲ್ ಹೊದಿಸಿ ಸುತ್ತಿ ಎತ್ತಿ. ಬರಿಗೈಯಲ್ಲಿ ಹಿಡಿದರೆ ಪರಚುತ್ತದೆ, ಕೈ ಬಿಟ್ಟರೆ ಎರಡನೇ ಸಲ ಹತ್ತಿರ ಬರುವುದಿಲ್ಲ. ನಾಯಿಗೆ ಕುಣಿಕೆ ಹಾಕಿದ ಹಗ್ಗ ಸಿದ್ಧವಿರಲಿ.

ಮರದ ಮೇಲಿದ್ದರೆ? ಬೆಕ್ಕಿನ ಉಗುರು ಹತ್ತಲು ಬಾಗಿವೆ, ತಲೆ ಕೆಳಗಾಗಿ ಇಳಿಯಲು ಹಿಡಿತ ಸಿಗುವುದಿಲ್ಲ. ಕೆಳಗೆ ಜನ ಸೇರದಿದ್ದರೆ ಸಾಮಾನ್ಯವಾಗಿ ಹಿಮ್ಮುಖವಾಗಿ ತಾನೇ ಇಳಿಯುತ್ತದೆ. ಒಂದು ರಾತ್ರಿ ಕಳೆದರೂ ಇಳಿಯದಿದ್ದರೆ ಏಣಿ, ತೆಂಗಿನ ಮರವಾದರೆ ಕಾಯಿ ಕೀಳುವವರು.

ಪೋಸ್ಟರ್ ಹೇಗಿರಬೇಕು, ಎಲ್ಲಿ ಹಾಕಬೇಕು?

ದೂರದಿಂದ ಓದುವಂತಿರಬೇಕು. ಎ3 ಹಾಳೆ, ಮೇಲೆ ನಾಲ್ಕು ಬೆರಳು ಎತ್ತರದ ಅಕ್ಷರದಲ್ಲಿ "ಬೆಕ್ಕು ಕಾಣೆಯಾಗಿದೆ", ಹಾಳೆಯ ಅರ್ಧದಷ್ಟು ಫೋಟೊ, ಕೆಳಗೆ ಮೂರೇ ಸಾಲು:

ಬಿಳಿ ಮೈ, ಕಂದು ಬಾಲ, ಕೊರಳಲ್ಲಿ ಕೆಂಪು ಪಟ್ಟಿ. ಶನಿವಾರ ಸಂಜೆಯಿಂದ, ಪಾರ್ಕ್ ಹತ್ತಿರದ ಅಡ್ಡರಸ್ತೆ.
ಹಿಡಿಯಬೇಡಿ, ಓಡಿಸಬೇಡಿ. ಫೋಟೊ ತೆಗೆದು ಕರೆ ಮಾಡಿ.
(ದೊಡ್ಡವರ ಫೋನ್ ನಂಬರ್)

ಮಗುವಿನ ಹೆಸರು, ಶಾಲೆ, ಮನೆ ನಂಬರ್ ಬರೆಯಬೇಡಿ. ಮೈಪೂರ್ತಿ ಪಕ್ಕದಿಂದ ಕಾಣುವ ಫೋಟೊ ಬೇಕು. ಮುದ್ದಾಗಿ ಮಲಗಿದ ಫೋಟೊದಿಂದ ಯಾರಿಗೂ ಗುರುತು ಸಿಗುವುದಿಲ್ಲ. ಕನ್ನಡ ಓದದ ವಾಚ್‌ಮನ್, ಕಟ್ಟಡ ಕೆಲಸದವರು ಬಡಾವಣೆಯಲ್ಲಿದ್ದರೆ ಚಿತ್ರ ಮತ್ತು ನಂಬರ್ ಇನ್ನೂ ದೊಡ್ಡದಾಗಲಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ, ತೆರೆದ ಬಾಯಿ ಕೆಳಗೆ ಬರುವಂತೆ ಅಂಟಿಸಿ. ಮೇಲಿದ್ದರೆ ಒಂದೇ ಮಳೆಗೆ ಶಾಯಿ ಹರಡುತ್ತದೆ.

ಸಾರ್ವಜನಿಕ ಗೋಡೆ, ಕಂಬಗಳಿಗೆ ಕಂಡಕಂಡಂತೆ ಅಂಟಿಸುವುದನ್ನು ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕರ್ನಾಟಕದ ಕಾಯ್ದೆ ತಡೆಯುತ್ತದೆ. ಅಂಗಡಿಯವರನ್ನು ಕೇಳಿ ಒಳಗೆ ಹಾಕಿಸುವುದೇ ಪರಿಣಾಮಕಾರಿ: ಹಾಲಿನ ಬೂತ್, ಬೇಕರಿ, ಮೆಡಿಕಲ್ ಶಾಪ್, ಕೋಳಿ ಅಂಗಡಿ, ಪಶು ಆಸ್ಪತ್ರೆ. ಹತ್ತು ಹನ್ನೆರಡು ಸಾಕು. ಬಹುಮಾನದ ಮೊತ್ತ ಹಾಕದಿರುವುದೇ ಒಳ್ಳೆಯದು. ದುಡ್ಡಿನಾಸೆಗೆ ಹತ್ತು ಜನ ಅಟ್ಟಿಸಿಕೊಂಡು ಹೋದರೆ ಪ್ರಾಣಿ ಬಡಾವಣೆಯನ್ನೇ ಬಿಡುತ್ತದೆ.

ವಾಟ್ಸಾಪ್ ಸಂದೇಶದಲ್ಲಿ ತಾರೀಖು ಕಡ್ಡಾಯ. ಇಲ್ಲದಿದ್ದರೆ ನಾಯಿ ಮನೆಗೆ ಬಂದ ಮುಂದಿನ ವರ್ಷವೂ ಅದು ತಿರುಗುತ್ತಲೇ ಇರುತ್ತದೆ.

"ನಿಮ್ಮ ನಾಯಿ ನನ್ನ ಹತ್ತಿರ ಇದೆ, ಮೊದಲು ದುಡ್ಡು ಹಾಕಿ" ಎಂಬ ಕರೆ ಬಂದರೆ?

ಪೋಸ್ಟರಿನಲ್ಲಿ ಒಂದು ಗುರುತನ್ನು ಬೇಕೆಂದೇ ಬಿಟ್ಟಿರಿ, ಉದಾಹರಣೆಗೆ ಹೊಟ್ಟೆಯ ಮೇಲಿನ ಮಚ್ಚೆ. ಕರೆ ಮಾಡಿದವರನ್ನು ಅದನ್ನೇ ಕೇಳಿ, ಈಗ ತೆಗೆದ ಫೋಟೊ ಕಳಿಸಲು ಹೇಳಿ. ಕಳಿಸದವರಿಗೆ ಪೆಟ್ರೋಲ್ ಖರ್ಚೆಂದೂ ಕೊಡಬೇಡಿ. ಹಣ ಪಡೆಯಲು ಯಾರಿಗೂ ಯುಪಿಐ ಪಿನ್ ಬೇಕಾಗುವುದಿಲ್ಲ, ಒಟಿಪಿಯೂ ಬೇಕಿಲ್ಲ.

ಅಪರಿಚಿತರೊಬ್ಬರು ಮಕ್ಕಳಿಗೆ "ನಾಯಿಮರಿ ನಮ್ಮ ಮನೆಯಲ್ಲಿದೆ, ಬನ್ನಿ" ಎಂದರೆ?

ಹೋಗಬಾರದು, ಮೂವರಿದ್ದರೂ ಹೋಗಬಾರದು. "ಅಪ್ಪನ್ನ ಕರ್ಕೊಂಡು ಬರ್ತೀವಿ ಅಂಕಲ್" ಎಂದು ಹೇಳಿ ಹಿಂದಿರುಗಬೇಕು. ನಿಜವಾಗಿ ನಾಯಿ ಇಟ್ಟುಕೊಂಡವರು ಹತ್ತು ನಿಮಿಷ ಕಾಯುತ್ತಾರೆ. ಹಾಗೆಯೇ, ಗುರುತಿಲ್ಲದ ದೊಡ್ಡವರು "ನನ್ನ ಮರಿ ಕಳೆದಿದೆ, ಹುಡುಕಿಕೊಡ್ತೀಯಾ?" ಎಂದು ಮಗುವನ್ನು ಕರೆದರೆ ಅದು ಬಲೆಯಾಗಿರಬಹುದು. ಮಕ್ಕಳ ಸಹಾಯವಾಣಿ 1098 ಎಂಬುದು ತಂಡದ ಎಲ್ಲರಿಗೂ ನೆನಪಿರಲಿ.

ಹುಡುಕುವಾಗ ಕಚ್ಚಿದರೆ, ಪರಚಿದರೆ?

ನಮ್ಮದೇ ಬೆಕ್ಕಾದರೂ ಮುಚ್ಚಿಡಬಾರದು. ಬೈಯುವುದಿಲ್ಲ ಎಂದು ಮಕ್ಕಳಿಗೆ ಹೊರಡುವ ಮೊದಲೇ ಮಾತು ಕೊಡಿ. ಬೈಗುಳದ ಭಯಕ್ಕೇ ಮಕ್ಕಳು ಗಾಯ ಮುಚ್ಚುತ್ತಾರೆ. ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ, ಬಿಗಿಯಾಗಿ ಕಟ್ಟುವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ತೋಳಿನ ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ ಎನ್ನಬಹುದು, ಹಾಗಾಗಿ ನಾಳೆ ನೋಡೋಣ ಎನ್ನುವಂತಿಲ್ಲ.

ಪಾಲಿಕೆಯ ಗಾಡಿ ಹಿಡಿದುಕೊಂಡು ಹೋಗಿರಬಹುದೇ?

ಕೊರಳಪಟ್ಟಿ ಇಲ್ಲದ ನಾಯಿಯಾದರೆ ಸಾಧ್ಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡುತ್ತಾರೆ. ನಿಮ್ಮ ಪ್ರದೇಶದ ನಾಯಿಗಳನ್ನು ಯಾವ ಕೇಂದ್ರಕ್ಕೆ ಒಯ್ಯುತ್ತಾರೆ ಎಂದು ಪಾಲಿಕೆಯ ಪಶುಪಾಲನಾ ವಿಭಾಗದಲ್ಲಿ ವಿಚಾರಿಸಿ, ಫೋನಿನಲ್ಲಿ ಕೇಳಿ ಬಿಡದೆ ಹೋಗಿ ಕಣ್ಣಾರೆ ನೋಡಿ. ಬೆಂಗಳೂರಿನಲ್ಲಿ ಕ್ಯೂಪಾ, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನಲ್ಲಿ ಅನಿಮಲ್ ಕೇರ್ ಟ್ರಸ್ಟ್‌ನಂಥ ಆಶ್ರಯಗಳಿಗೂ ಫೋಟೊ ಕಳಿಸಿ.

ಚರ್ಮದಡಿ ಮೈಕ್ರೋಚಿಪ್ ಹಾಕಿಸಿದ್ದೇವೆ. ಎಲ್ಲಿದೆ ಎಂದು ಫೋನಿನಲ್ಲಿ ತಿಳಿಯುತ್ತದೆಯೇ?

ಇಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ, ಸ್ಕ್ಯಾನರ್ ಹತ್ತಿರ ತಂದಾಗ 15 ಅಂಕಿಯ ಸಂಖ್ಯೆಯೊಂದನ್ನು ಹೇಳುತ್ತದೆ, ಅಷ್ಟೇ. ಕೊರಳಪಟ್ಟಿಯ ಮೇಲೆ ಶಾಶ್ವತ ಶಾಯಿಯಲ್ಲಿ ಬರೆದ ಫೋನ್ ನಂಬರ್ ಯಾವ ಸ್ಕ್ಯಾನರೂ ಇಲ್ಲದೆ ಕೆಲಸ ಮಾಡುತ್ತದೆ.

ರಾತ್ರಿ ಹೊರಗೆ ಊಟ ಇಡಬಹುದೇ?

ಕಾಯಲು ಯಾರೂ ಇಲ್ಲದಿದ್ದರೆ ಬೇಡ. ಹೆಗ್ಗಣ, ಬೀದಿನಾಯಿ, ಪಕ್ಕದ ರಸ್ತೆಯ ಗಂಡುಬೆಕ್ಕು ಬಂದು ತಿಂದು, ನಮ್ಮ ಬೆಕ್ಕು ಹತ್ತಿರ ಸುಳಿಯದಂತೆ ಮಾಡುತ್ತವೆ. ಬೆಕ್ಕಿನ ಮಲದ ಮರಳನ್ನು ಹೊರಗೆ ಸುರಿಯುವ ಸಲಹೆಯೂ ಇದೇ ಕಾರಣಕ್ಕೆ ಅಷ್ಟು ಒಳ್ಳೆಯದಲ್ಲ. ಅದು ಮಲಗುತ್ತಿದ್ದ ಬಟ್ಟೆಯನ್ನು ಬಾಗಿಲ ಬಳಿ ಇಟ್ಟು, ಬಾಗಿಲು ಒಂದು ಗೇಣು ತೆರೆದು, ದೀಪ ಆರಿಸಿ, ರಾತ್ರಿ ಹನ್ನೊಂದರ ನಂತರ ದೊಡ್ಡವರೊಬ್ಬರು ಎಚ್ಚರವಿರಿ. ಬೋನು ಇಡುವುದಾದರೆ ಒಳಗೆ ಮೀನು, ಕೆಳಗೆ ಪೇಪರ್, ಮೇಲೆ ಹೊದಿಕೆ, ಗಂಟೆಗೊಮ್ಮೆ ತಪಾಸಣೆ. ಬಿಸಿಲಿಗೆ ಬಿದ್ದ ಬೋನಿನಲ್ಲಿ ಪ್ರಾಣಿ ಸತ್ತೇಹೋಗಬಹುದು.

ಎಷ್ಟು ದಿನ ಹುಡುಕಬೇಕು?

ಮೇಲೆ ಹೇಳಿದ ಅಧ್ಯಯನದಲ್ಲಿ ಮೂರನೇ ಒಂದು ಭಾಗದಷ್ಟು ಬೆಕ್ಕುಗಳು ಏಳು ದಿನದೊಳಗೆ ಸಿಕ್ಕಿದ್ದವು, 90 ದಿನಗಳ ನಂತರ ಜೀವಂತ ಸಿಕ್ಕಿದ್ದು ತೀರಾ ಕಡಿಮೆ. ಹಾಗಾಗಿ ಮೊದಲ ವಾರ ಪ್ರತಿದಿನ, ನೋಡಿದ ಜಾಗಗಳನ್ನೂ ಸೇರಿಸಿ. ಆಮೇಲೆ ಮೂರು ತಿಂಗಳು ವಾರಕ್ಕೊಮ್ಮೆ ಹೊಸ ಪೋಸ್ಟರ್, ಬೀಗ ಹಾಕಿದ್ದ ಮನೆಗಳಿಗೆ ಮರುಭೇಟಿ. ಮಕ್ಕಳನ್ನು ಎರಡನೇ ವಾರದಿಂದ ಭಾನುವಾರಕ್ಕೆ ಮಾತ್ರ ಕರೆಯಿರಿ, ಪರೀಕ್ಷೆ ಇದ್ದರೆ ಅದೂ ಬೇಡ.

ರಸ್ತೆಯಲ್ಲಿ ಸತ್ತ ಪ್ರಾಣಿ ಕಂಡಿದೆ ಎಂದು ಯಾರೋ ಹೇಳಿದರೆ?

ದೊಡ್ಡವರು ಮೊದಲು ಹೋಗಿ ನೋಡಬೇಕು, ಪಟ್ಟಿ ಮತ್ತು ಗುರುತು ಪರಿಶೀಲಿಸಿ ಫೋಟೊ ತೆಗೆದುಕೊಳ್ಳಬೇಕು. ಆಗಲೇ ಎತ್ತಿಬಿಟ್ಟಿದ್ದರೆ ಆ ರಸ್ತೆಯ ಪೌರಕಾರ್ಮಿಕರನ್ನು ಕೇಳಿ. ನಿಜವೆಂದಾದರೆ ಮಕ್ಕಳಿಗೆ ಅದೇ ದಿನ, ಇದ್ದದ್ದನ್ನು ಇದ್ದಹಾಗೆ ಹೇಳಿ. "ಊರಿಗೆ ಕಳಿಸಿದ್ದೇವೆ" ಎಂದರೆ ಅವರು ಹುಡುಕುತ್ತಲೇ ಇರುತ್ತಾರೆ.

ಸಿಕ್ಕಿತು. ಮನೆಗೆ ತಂದ ಮೇಲೆ?

ಒಂದು ಕೋಣೆ, ನೀರು, ಕತ್ತಲು, ಒಬ್ಬರೇ ಜೊತೆಗೆ. ನೋಡಲು ಬಂದ ಮಕ್ಕಳೆಲ್ಲ ನಾಳೆ ಬರಲಿ. ಹಸಿದಿದೆ ಎಂದು ತಟ್ಟೆ ತುಂಬಾ ಹಾಕಿದರೆ ವಾಂತಿ ಮಾಡುತ್ತದೆ. ಎರಡು ಚಮಚದಂತೆ ಎರಡು ಮೂರು ಗಂಟೆಗೊಮ್ಮೆ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದೂ ದಪ್ಪಗಿದ್ದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತಾಗಬಹುದು, ಅವತ್ತೇ ವೈದ್ಯರಿಗೆ ತೋರಿಸಿ. ನಾಯಿಯ ಕಿವಿ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಊಟ ಬಿಡುವುದು ಕಂಡರೆ ಉಣ್ಣೆಜ್ವರದ ಪರೀಕ್ಷೆ ಮಾಡಿಸಿ. ಗಾಯದಲ್ಲಿ ಹುಳು ಕಂಡರೆ ಮನೆಮದ್ದು ಬೇಡ. ಪೋಸ್ಟರ್‌ಗಳನ್ನು ಅಂಟಿಸಿದ ಮಕ್ಕಳೇ ಆ ವಾರವೇ ಕಿತ್ತು ತರಲಿ, ಇಲ್ಲದಿದ್ದರೆ ಮುಂದೆ ಇನ್ನೊಬ್ಬರ ಪೋಸ್ಟರ್‌ಗೆ ಅಂಗಡಿಯವರು ಜಾಗ ಕೊಡುವುದಿಲ್ಲ.

ಹಾರಿಹೋದ ಗಿಣಿಗೂ ಇದೆಲ್ಲ ಅನ್ವಯವೇ?

ಲವ್ ಬರ್ಡ್ಸ್, ಬಡ್ಜಿಗಳಾದರೆ ಗೂಡನ್ನು ಬಾಗಿಲು ತೆರೆದು, ಕಾಳು ನೀರು ಹಾಕಿ ತಾರಸಿಯಲ್ಲಿಡಿ. ಜೋಡಿ ಹಕ್ಕಿ ಇದ್ದರೆ ಅದನ್ನು ಪಕ್ಕದಲ್ಲಿ ಇನ್ನೊಂದು ಮುಚ್ಚಿದ ಗೂಡಿನಲ್ಲಿಡಿ. ಅದರ ದನಿಗೆ ಮರಳುವ ಸಾಧ್ಯತೆ ಹೆಚ್ಚು. ಇಲ್ಲಿ ಮಾತ್ರ ಹೆಸರು ಹಿಡಿದು ಕರೆಯಬಹುದು. ಕತ್ತಲಾದ ಮೇಲೆ ಹಕ್ಕಿ ಹಾರುವುದಿಲ್ಲ, ಸಂಜೆ ಎಲ್ಲಿ ಕೂತಿತ್ತೋ ಬೆಳಕು ಹರಿಯುವ ಮುನ್ನ ಅಲ್ಲಿಗೇ ಹೋಗಿ. ನಮ್ಮ ಹಸಿರು ಗಿಣಿ, ನಕ್ಷತ್ರ ಆಮೆಗಳನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅವುಗಳಿಗೆ ಪೋಸ್ಟರ್ ಹಾಕಲು ಹೊರಟವರು ಮೊದಲು ಇದನ್ನು ತಿಳಿದಿರಲಿ.